ಫಾರಂ ಮೇಷ್ಟ್ರ ಸ್ವಂತ ಅರ್ಜಿ

ವೀಸಾ ಕಚೇರಿಯ ಎದುರು, ಫೋಟೋ ಸ್ಟುಡಿಯೋಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಂದು ಮೇಜು ಎರಡು ಕುರ್ಚಿ ಹಿಡಿಸುವಷ್ಟು ಜಾಗದಲ್ಲಿ ಫಾರಂ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಕುಳಿತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅರ್ಜಿ ತುಂಬಿಸಲು ಬಂದವರನ್ನು ಪೆನ್ಸಿಲಿನಿಂದ ಮೇಜು ಕುಟ್ಟುತ್ತ ಗದರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಇಷ್ಟು ಜನರನ್ನು ಹಾರಿಸಿದವರು ವಿಮಾನವನ್ನು ನೋಡಿದ್ದು ಮಾತ್ರ ಕತ್ತೆತ್ತಿಯೇ.

ಬೆನ್ನ ಹಿಂದಿನ ಗೋಡೆಯ ಮೇಲೆ ಪ್ರವಾಸಿ, ಸಂಬಂಧಿಕರ ಭೇಟಿ, ವಿದ್ಯಾರ್ಥಿ, ಕೆಲಸ, ವ್ಯಾಪಾರ ಎಂದು ಐದು ಸಾಲು. ನಿಯಮ ಬದಲಾದಾಗಲೆಲ್ಲ ಹೊಸ ಚೀಟಿ ಬರೆದು ಹಳೆಯದರ ಮೇಲೆ ಅಂಟಿಸುವರು. ವಿದ್ಯಾರ್ಥಿಗಳ ಸಾಲು ದಿಂಬಿನಷ್ಟು ದಪ್ಪವಾಗಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮೇಷ್ಟ್ರು ಅದಕ್ಕೇ ತಲೆ ಆನಿಸುತ್ತಿದ್ದರು.

ಅಂದು ಎದುರು ಕುಳಿತವನು ಒಬ್ಬ ಕ್ಷೌರಿಕ.

“ಯಾಕೆ ಹೋಗ್ತಿದೀರಿ?”

“ಭಾವನ ಸಲೂನ್ ಇದೆ. ನೋಡ್ಕೊಂಡು, ಸುತ್ತಾಡ್ಕೊಂಡು, ಸ್ವಲ್ಪ ಕತ್ತರಿನೂ ಆಡಿಸ್ಕೊಂಡು ಬರೋಣ ಅಂತ.”

“ಭಾವನ ಮುಖ ನೋಡಿದ್ರೆ ಸಂಬಂಧಿಕರ ವೀಸಾ. ಸುತ್ತಾಡಿದ್ರೆ ಪ್ರವಾಸಿ. ಕತ್ತರಿ ಮುಟ್ಟಿದ್ರೆ ಕೆಲಸದ್ದು. ಒಂದು ಹೇಳಿ.”

“ಮೂರೂ ಮಾಡ್ಬೇಕಲ್ಲ ಮೇಷ್ಟ್ರೇ.”

“ಎರಡು ದೋಣಿಲಿ ಕಾಲಿಟ್ಟೋನೇ ಮುಳುಗ್ತಾನೆ. ನೀವು ಮೂರನೇ ಕಾಲು ಎಲ್ಲಿಂದ ತರ್ತೀರಿ?”

ಕ್ಷೌರಿಕ ತಲೆ ಕೆರೆದುಕೊಳ್ಳುತ್ತಿರುವಾಗಲೇ ಫೋನು ಬಂತು. ಪರದೇಶದಿಂದ ಅಕ್ಕ. ಅವ್ವ ತೀರಿಕೊಂಡ ಮೇಲೆ ಮೇಷ್ಟ್ರನ್ನು ಬೆಳೆಸಿ, ಓದಿಸಿ, ಆಮೇಲೆ ತಾನು ಮದುವೆಯಾಗಿ ಹೋದವಳು. ಈಗ ಗಂಡನೂ ಇಲ್ಲ, ಮಕ್ಕಳೂ ಇಲ್ಲ.

“ಸೊಂಟದ ಆಪರೇಷನ್ ಕಣೋ. ಇಪ್ಪತ್ತನೇ ತಾರೀಖು. ನೀನು ಬಂದು ಪಕ್ಕದಲ್ಲಿದ್ರೆ ಮಲಗ್ತೀನಿ. ಇಲ್ದಿದ್ರೆ ಬೇಡ ಅಂತ ಡಾಕ್ಟರಿಗೆ ಹೇಳಿಬಿಡ್ತೀನಿ. ಕುಂಟಿಕೊಂಡೇ ಇರ್ತೀನಿ.”

ಊರಿಗೆಲ್ಲ ಅರ್ಧ ಗಂಟೆಯಲ್ಲಿ ಫಾರಂ ತುಂಬಿಕೊಡುವ ಮೇಷ್ಟ್ರು ತಮ್ಮದಕ್ಕೆ ಐದು ದಿನ ತೆಗೆದುಕೊಂಡರು. ಅಕ್ಕನನ್ನು ನೋಡಲು ಹೋಗುವುದರಿಂದ ಸಂಬಂಧಿಕರದ್ದು ಸರಿ. ಆದರೆ ಗಂಜಿ ಕಾಯಿಸಿ ಕೊಟ್ಟರೆ ಅದು ಕೆಲಸವಾಗುತ್ತದೆಯೇ? ಆಸ್ಪತ್ರೆಯ ಕಿಟಕಿಯಿಂದ ಊರು ಕಂಡರೆ ಪ್ರವಾಸವೇ?

ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಹೆಂಡತಿ ದಾರ ಕಡಿದು ಹೇಳಿದಳು: “ರೀ, ಮೀನಿಗೆ ಈಜೋಕೆ ಬರ್ತಿಲ್ಲ ಅಂದ್ರೆ ನೋಡೋಕೆ ಚೆನ್ನಾಗಿರಲ್ಲ. ಬರೆದು ಕೊಟ್ಟು ಬನ್ನಿ.”

ಸೋಮವಾರ ಕೊಟ್ಟು ಬಂದರು. ಬುಧವಾರ, ಹನ್ನೆರಡನೇ ತಾರೀಖು, ಸಂದರ್ಶನ. ಗಾಜಿನಾಚೆ ಕುಳಿತ ಅಧಿಕಾರಿಣಿ ಅರ್ಜಿಯ ಕೊನೆಯ ಹಾಳೆಯನ್ನು ಎರಡು ಸಲ ಓದಿದಳು.

“ಇಲ್ಲಿ ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಇದೆ. ಇದೇನು?”

“ಅರ್ಜಿದಾರರು ಸಹಿ ಹಾಕಬೇಕಾದ ಜಾಗ ಮೇಡಂ.”

“ಹಾಕಿಲ್ಲ.”

ಮೇಷ್ಟ್ರು ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದರು. ಇಪ್ಪತ್ತೆರಡು ವರ್ಷ ಗುರುತು ಹಾಕುವುದು ಅವರ ಪಾಲು, ಸಹಿ ಹಾಕುವುದು ಎದುರಿನವರ ಪಾಲು. ಈ ಸಲ ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

“ಇದು ಇನ್ನೂ ಚೆನ್ನಾಗಿದೆ” ಎಂದು ಆಕೆ ಓದಿದಳು. “ಅರ್ಜಿ ತುಂಬಲು ನೆರವಾದವರು: ನಿಮ್ಮ ಹೆಸರಿನ ರಬ್ಬರ್ ಸ್ಟ್ಯಾಂಪು. ಅರ್ಜಿದಾರರಿಗೂ ಅವರಿಗೂ ಸಂಬಂಧ: ಏನೂ ಇಲ್ಲ. ಅಂದ್ರೆ ನಿಮಗೂ ನಿಮಗೂ ಪರಿಚಯ ಇಲ್ವಾ?”

“ಮುಖಪರಿಚಯ ಇದೆ ಮೇಡಂ.”

ಆಕೆ ನಗಲಿಲ್ಲ. “ಅಲ್ಲಿ ಹೋಗಿ ಏನು ಮಾಡ್ತೀರಿ?”

ಕೇಳಿದ್ದಕ್ಕೆ ಮಾತ್ರ ಉತ್ತರ, ಹೆಚ್ಚಿಗೆ ಒಂದಕ್ಷರ ಬೇಡ ಎಂದು ಸಾವಿರ ಜನರಿಗೆ ಬೋಧಿಸಿದ್ದ ಬಾಯಿ ಅದು. ಗಾಬರಿಯಲ್ಲಿ ಕಟ್ಟೆ ಒಡೆಯಿತು, ಅದೂ ಕಸುಬಿನ ಭಾಷೆಯಲ್ಲಿ.

“ಅರ್ಜಿದಾರರಿಗೆ ಅಕ್ಕ ಒಬ್ಬರೇ ಮೇಡಂ. ಅರ್ಜಿದಾರರಿಗೆ ಟೈಫಾಯ್ಡ್ ಬಂದಾಗ ಆಕೆ ಹನ್ನೊಂದು ದಿನ ಹಾಸಿಗೆ ಪಕ್ಕ ಕೂತಿದ್ರು. ಅದಕ್ಕೆ ಯಾವ ವರ್ಗ ಅಂತ ಯಾರೂ ಕೇಳಲಿಲ್ಲ. ಈಗ ಅರ್ಜಿದಾರರು ಹೋಗಿ ಆಕೆ ಪಕ್ಕ ಕೂರಬೇಕು. ಎದ್ದಾಗ ಕೈ ಹಿಡೀಬೇಕು. ಅಷ್ಟೇ. ಸುತ್ತಾಡಲ್ಲ. ಗಂಜಿ ಕಾಯಿಸಬಹುದು.”

ಆಕೆ ಪೆನ್ನು ಕೆಳಗಿಟ್ಟಳು. “ಹಾಗಾದ್ರೆ ನೀವು ಸಂಬಂಧಿಕರ ಭೇಟಿಗೆ ಹಾಕಿದ್ದೇ ತಪ್ಪು. ರೋಗಿ ಆರೈಕೆಗೆ ಬೇರೆ ವರ್ಗ ಮಾಡಿ ಒಂದು ವಾರ ಆಯ್ತು. ಬಾಗಿಲಲ್ಲೇ ಅಂಟಿಸಿದೀವಿ. ನೋಡಲಿಲ್ವಾ?”

ಒಂದು ವಾರದಿಂದ ಮೇಷ್ಟ್ರು ತಮ್ಮದೇ ಫಾರಂ ಬಿಟ್ಟು ತಲೆಯೆತ್ತಿರಲಿಲ್ಲ.

“ಆಸ್ಪತ್ರೆ ಡಾಕ್ಟರ ಪತ್ರ ನಾಳೆ ಹನ್ನೊಂದರೊಳಗೆ ಬರಬೇಕು. ಹೊಸ ಫಾರಂ ತುಂಬಿ. ಸಹಿ ಹಾಕಿ. ಬರೆಯೋಕೆ ಕಷ್ಟ ಆದ್ರೆ ಎದುರುಗಡೆ ಒಬ್ಬ ಮೇಷ್ಟ್ರು ಇದಾರಂತೆ, ಅವರನ್ನ ಕೇಳಿ” ಎಂದಳು. ಈಗ ಆಕೆಯ ತುಟಿಯಂಚು ಸ್ವಲ್ಪ ಅಲುಗಿತ್ತು.

ಹೊಸ ಫಾರಂ ಬರೆಯುವಾಗ ಹೆಂಡತಿಯೇ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಗುರುತು ಬಿದ್ದ ಕೂಡಲೇ ಅವರ ಕೈಗೆ ಪೆನ್ನು ತುರುಕಿ, “ಈ ಕಡೆ ಬಂದು ಕೂತು ಹಾಕಿ” ಎಂದು ಎದ್ದು ನಿಂತಳು. ಗಿರಾಕಿಯ ಕುರ್ಚಿ ಒಂದು ಕಡೆ ಕುಂಟುತ್ತದೆಂದು ಮೇಷ್ಟ್ರಿಗೆ ಗೊತ್ತಾದದ್ದು ಅಂದೇ.

ಅಕ್ಕನ ಡಾಕ್ಟರ ಪತ್ರ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಬಂತು. ಹದಿನೇಳನೇ ತಾರೀಖು ಪಾಸ್‌ಪೋರ್ಟು ಕೈಸೇರಿತು, ವೀಸಾ ಸಮೇತ.

ಮೇಷ್ಟ್ರು ಗೋಡೆಯ ಮೇಲೆ ಆರನೇ ಸಾಲು ಹಾಕಿ, ಮೊದಲ ಚೀಟಿ ಅಂಟಿಸಿ, ಅಕ್ಕನಿಗೆ ಫೋನು ಮಾಡಿದರು.

“ಅಕ್ಕ, ವೀಸಾ ಸಿಕ್ತು. ಇದು ಹೊಸ ವರ್ಗ, ಅರವತ್ತು ದಿನ, ಒಂದೇ ಸಲ ಪ್ರವೇಶ, ಆಮೇಲೆ...”

“ಅದೆಲ್ಲ ಇರಲಿ. ಬರ್ತೀಯಾ?”

ಕೇಳಿದ್ದಕ್ಕೆ ಮಾತ್ರ ಉತ್ತರ ಎಂಬುದು ಆಗ ನೆನಪಾಯಿತು.

“ಬರ್ತೀನಿ” ಎಂದರು ಮೇಷ್ಟ್ರು.