ಗ್ರಂಥಪಾಲಕಿ ಕೇಳಿದ ಮೌಸ್

ಸಿಂದಗಿಯ ನಮ್ಮ ಮಹಿಳಾ ಕಾಲೇಜಿನ ಗ್ರಂಥಪಾಲಕಿ, ನಾವು ಯಾವ ಪುಸ್ತಕ ಕೇಳಿದರೂ, ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೇರಿಸಿ, "ನೀವ ಹುಡುಕ್ರಿ" ಎನ್ನುತ್ತಿದ್ದರು. ಹುಡುಕುವುದನ್ನು ಕಲಿಸಲೆಂದೇ ಕಾಲೇಜಿನ ವೆಬ್‌ಸೈಟಿಗೆ ಅವರೊಂದು ಪಾಠ ಮಾಡಿದ್ದರು. ಪರದೆಯ ಮೇಲೆ ಸರಿಯಾದ ಕಪಾಟನ್ನು ಒತ್ತಿದರೆ ಪುಸ್ತಕ ತಾನೇ ಹೊರಬಂದು ತೆರೆದುಕೊಳ್ಳುತ್ತಿತ್ತು.

ಅದನ್ನು ಒತ್ತಿ ನೋಡಲು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ನಾವು ಸಾಲುಗಟ್ಟಿ ನಿಂತೆವು. ಕಂಪ್ಯೂಟರ್ ಹಾಳಾಗುತ್ತದೆಂದು ಪ್ರಾಂಶುಪಾಲರು ಮೌಸ್ ಕಿತ್ತುಕೊಂಡು ಹೋಗಿ ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಪಾಠ ಸಿನಿಮಾದಂತೆ ತಾನಾಗಿ ಓಡುವ ಹಾಗೆ ಮಾಡಿಸಿದರು.

ಒಂದು ದಿನ ಕಾಲೇಜಿನ ತಪಾಸಣೆಗೆ ಬಂದವರು ಅದನ್ನು ನೋಡಿ, "ಭಾಳ ಚಂದ ಐತ್ರಿ" ಎಂದರು.

ಗ್ರಂಥಪಾಲಕಿಯ ಮುಖ ಕೆಂಪೇರಿತು. "ಇದು ನೋಡೂದಲ್ರಿ, ಒತ್ತೂದು. ಸರ್, ಮೌಸ್ ತರ್ರಿ."

"ಆಮ್ಯಾಲೆ ನೋಡೂಣ್ರಿ," ಎಂದರು ಪ್ರಾಂಶುಪಾಲರು.

"ಈಗನ ತರ್ರಿ. ಹುಡುಗ್ಯಾರು ಮುಟ್ಟಬಾರದಂದ್ರ ಇದನ್ನ ಅಳಿಸಿಬಿಡ್ತೇನಿ."

ಬಂದವರೆದುರು ಪ್ರಾಂಶುಪಾಲರು ತರಲೇಬೇಕಾಯಿತು. ಗ್ರಂಥಪಾಲಕಿ ಮೌಸ್ ಜೋಡಿಸಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆದು ಕೂರಿಸಿದರು. ಗಾಬರಿಯಲ್ಲಿ ನಾನು ತಪ್ಪು ಕಪಾಟು ಒತ್ತಿದೆ. ಪರದೆಯ ಪುಸ್ತಕ ಅಲ್ಲವೆಂದು ತಲೆಯಾಡಿಸಿತು.

"ನೋಡ್ರಿ, ತಪ್ಪ ಮಾಡಿದ್ಲು," ಪ್ರಾಂಶುಪಾಲರು ಗೊಣಗಿದರು.

"ತಪ್ಪ ಮಾಡ್ಲಿ ಅಂತನ ಇದನ್ನ ಮಾಡೇನ್ರಿ," ಎಂದ ಗ್ರಂಥಪಾಲಕಿ ನನ್ನತ್ತ ತಿರುಗಿದರು. "ಇನ್ನೊಮ್ಮೆ ಒತ್ತವಾ."