ಮೂವತ್ತೊಂದನೆಯ ವರದಿ

ಬೆಳಗಿನ ಆರೂವರೆ. ಶಿರಸಿ ಪೇಟೆಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬೇರೆ ಬಾಗಿಲು ತೆರೆದಿಲ್ಲ. ಮಹಡಿ ಮೇಲಿನ ಹಲ್ಲಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಮಾತ್ರ ನಲ್ಲಿಯ ಸದ್ದು. ಮೊಣಕೈವರೆಗೆ ದಪ್ಪ ರಬ್ಬರ್ ಕೈಗವಸು ಏರಿಸಿಕೊಂಡ ಸುಬ್ಬಿ ನಾಯ್ಕ, ಹಲ್ಲು ಕೀಳುವ ಇಕ್ಕಳದ ಸಂದಿಯನ್ನು ಉದ್ದ ಹಿಡಿಕೆಯ ಬ್ರಷ್ಷಿನಿಂದ ನೀರೊಳಗೇ ಉಜ್ಜುತ್ತಿದ್ದಾರೆ. ನೀರಿನಿಂದ ಮೇಲೆತ್ತಿ ಉಜ್ಜಿದರೆ ಹನಿ ಸಿಡಿಯುತ್ತದೆ, ಹನಿಯ ಜೊತೆ ಯಾರದೋ ಬಾಯಿಯ ರೋಗವೂ ಸಿಡಿಯುತ್ತದೆ. ಕೈ ತನ್ನ ಪಾಡಿಗೆ ನಡೆದಿದೆ, ಕಣ್ಣು ಮಾತ್ರ ಆಗಾಗ ಬಾಗಿಲ ಕಡೆ ಹೋಗುತ್ತಿದೆ. ಇವತ್ತು ಒಂದು ರಕ್ತದ ವರದಿ ಬರಬೇಕು. ಮೂವತ್ತು ಬಂದಾಗಿದೆ, ಇದು ಕೊನೆಯದು.

"ಹನ್ನೊಂದು ಗಂಟೆ ಒಳಗೆ ಬರೂದಿಲ್ಲ ಅಂತ ಗೊತ್ತು ಮಾರಾಯ್ರೆ. ಆದ್ರೂ ಕಣ್ಣು ಕೇಳ್ಬೇಕಲ್ಲ," ಎನ್ನುತ್ತಾರೆ ಸುಬ್ಬಿ.

ವಯಸ್ಸು ಐವತ್ತಮೂರು. ಊರು ಸಿದ್ದಾಪುರ ರಸ್ತೆಯಲ್ಲಿ, ಗದ್ದೆ ನೋಡಿಕೊಳ್ಳುವವರು ಗಂಡ ಕೆರಿಯಪ್ಪ. ದಿನಾ ಮೊದಲನೇ ಬಸ್ಸು ಹತ್ತಿ ಬರುವ ಸುಬ್ಬಿ ಓದಿದ್ದು ಏಳನೇ ಕ್ಲಾಸು. ಹತ್ತೊಂಬತ್ತು ವರ್ಷದ ಹಿಂದೆ ನೆಲ ಒರೆಸಲು ಸೇರಿದವರ ಕೈಗೆ ಡಾಕ್ಟರ್ ಪರಿಮಳಾ ಹೆಗಡೆ ಒಂದು ದಿನ ಸಲಕರಣೆಯ ತಟ್ಟೆ ಕೊಟ್ಟರು. ಅಂದಿನಿಂದ ಇದೇ ಕೆಲಸ. ದಿನಕ್ಕೆ ಇಪ್ಪತ್ತೈದು ರೋಗಿಗಳು, ಒಬ್ಬೊಬ್ಬರಿಗೆ ಆರೇಳು ಸಲಕರಣೆ. ಲೆಕ್ಕ ಹಾಕಿ, ನೂರೈವತ್ತು ದಾಟುತ್ತದೆ. ಕನ್ನಡಿ, ಇಕ್ಕಳ, ಎಲೆಯಡಿಕೆಯ ಕವಳ ತಿಂದ ಹಲ್ಲಿನ ಕಿಟ್ಟ ಕೆರೆಯುವ ಕೊಕ್ಕೆ, ಎಲ್ಲವನ್ನೂ ನೆನೆಸಬೇಕು, ಉಜ್ಜಬೇಕು, ಒರೆಸಬೇಕು, ಕಾಗದದ ಲಕೋಟೆಗೆ ಹಾಕಿ ಅಂಟಿಸಬೇಕು. ಆಮೇಲೆ ಆಟೋಕ್ಲೇವ್. ಸುಬ್ಬಿಯ ಬಾಯಲ್ಲಿ ಅದು ಬರೀ "ಕುಕ್ಕರ್". ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ ಮೂವತ್ತು ನಿಮಿಷ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಕರೆಂಟ್ ಹೋದರೂ ಮತ್ತೆ ಒಂದರಿಂದ ಎಣಿಸಬೇಕು. ನಮ್ಮ ಕಡೆಯ ಕರೆಂಟಿನ ಗುಣ ಗೊತ್ತಿದ್ದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಹಲ್ಲು ಕೀಳಿಸಿಕೊಂಡವರು ಡಾಕ್ಟರ ಕೈಗುಣ ಹೊಗಳಿ ಹೋಗುತ್ತಾರೆ. ಆ ಇಕ್ಕಳ ತೊಳೆದವರು ಯಾರು ಎಂದು ಒಬ್ಬರಾದರೂ ಕೇಳಿದ್ದುಂಟೇ? ಕೇಳಬೇಕಾದ ಪ್ರಸಂಗ ಬಂದದ್ದು ಆರು ತಿಂಗಳ ಹಿಂದೆ. ಅದೂ ಹೊಗಳಲಿಕ್ಕಲ್ಲ.

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಅಂದು ಭಾನುವಾರದ ಉಚಿತ ಶಿಬಿರ. ಲೈನು ದುರಸ್ತಿಗೆಂದು ಶಿರಸಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಕರೆಂಟ್ ತೆಗೆಯುವವರಿದ್ದರು. ಎರಡು ಸಲಕ್ಕೆ ಬೇಯಿಸಬೇಕಾದಷ್ಟು ಲಕೋಟೆಗಳು ಮೇಜಿನ ಮೇಲಿದ್ದವು, ಸಮಯ ಒಂದು ಸಲಕ್ಕಷ್ಟೇ ಇತ್ತು. ಸುಬ್ಬಿ ವೀಳ್ಯದೆಲೆ ಕಟ್ಟು ಕಟ್ಟಿದ ಹಾಗೆ ಎಲ್ಲವನ್ನೂ ಒಂದರ ಮೇಲೊಂದು ಒತ್ತಿ ತುಂಬಿದರು. ಮುಚ್ಚಳ ಬಿತ್ತು, ಹಬೆ ಏರಿತು, ಮೂವತ್ತು ನಿಮಿಷವೂ ಆಯಿತು. ಲಕೋಟೆಯ ಮೇಲಿನ ಪಟ್ಟಿ ನಿಯಮದಂತೆ ಕಪ್ಪಾಯಿತು. ಡಾಕ್ಟರಿಗೂ ಸಂಶಯ ಬರಲಿಲ್ಲ, ಗಾಡಿ ಹೊರಟಿತು.

ಪಟ್ಟಿ ಕಪ್ಪಾದರೆ ಬಿಸಿ ತಾಗಿದೆ ಎಂದರ್ಥ, ಅಷ್ಟೇ. ರೋಗಾಣು ಸತ್ತಿದೆಯೇ ಎಂದು ಹೇಳುವುದು ವಾರಕ್ಕೊಮ್ಮೆ ಲಕೋಟೆಗಳ ನಡುವೆ ಇಡುವ ಬೆರಳುದ್ದದ ಸೀಸೆ. ಅದರಲ್ಲಿರುವುದು ರೋಗ ತರದ, ಆದರೆ ಸುಲಭಕ್ಕೆ ಸಾಯದ ಒಂದು ಜಾತಿಯ ಸೂಕ್ಷ್ಮಾಣು. ಅದೇ ಸತ್ತರೆ ಉಳಿದವೆಲ್ಲ ಸತ್ತ ಹಾಗೆ. ಬೇಯಿಸಿದ ಸೀಸೆಯನ್ನು ಒಂದು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ನೇರಳೆಯಾಗಿಯೇ ಉಳಿದರೆ ಸರಿ. ಹಳದಿಗೆ ತಿರುಗಿದರೆ ಒಳಗೆ ಜೀವ ಉಳಿದಿದೆ. ತರಬೇತಿಗೆ ಬರುವ ದಂತ ಆರೋಗ್ಯದ ವಿದ್ಯಾರ್ಥಿನಿಯರು ಆ ಸೂಕ್ಷ್ಮಾಣುವಿನ ಮಾರುದ್ದದ ಹೆಸರನ್ನು ಪಟಪಟನೆ ಒಪ್ಪಿಸುತ್ತಾರೆ. "ನನ್ನ ಬಾಯಲ್ಲಿ ಅದು ಹೊರಳೂದಿಲ್ಲ. ಬಣ್ಣ ಗೊತ್ತು, ಸಾಕಲ್ದಾ?" ಎಂದು ಸುಬ್ಬಿ ನಗುತ್ತಾರೆ. ಆ ನಗುವಿನಲ್ಲಿ ಅರ್ಧ ದಣಿವೇ.

ಸೋಮವಾರ ಸಂಜೆ ನೋಡಿದರೆ ಶಿಬಿರದ ದಿನ ಇಟ್ಟ ಸೀಸೆ ಹಳದಿಯಾಗಿತ್ತು. ಒಟ್ಟಿ ತುಂಬಿದ ಲಕೋಟೆಗಳ ನಡುವೆ ಹಬೆ ನುಗ್ಗಿರಲಿಲ್ಲ. ಅಷ್ಟರಲ್ಲಿ ಆ ಸಲಕರಣೆಗಳು ಮೂವತ್ತೊಂದು ಬಾಯಿಗಳಿಗೆ ಹೋಗಿ ಬಂದಿದ್ದವು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೀಸೆ ಬಿಸಾಡಿ ಸುಮ್ಮನಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ.

"ಸೀಸೆ ಹಿಡ್ಕಂಡು ಡಾಕ್ಟ್ರಮ್ಮನ ಎದುರು ನಿಂತೆ. ತುಂಬಿದ್ದು ನಾನೇ, ತಪ್ಪು ನಂದೇ, ನಾಳಿಂದ ಬರೂದಿಲ್ಲ ಅಂದೆ."

ಡಾಕ್ಟರ್ ಶಿಬಿರದ ರೋಗಿಗಳ ಪಟ್ಟಿ ತೆಗೆದು ಮುಂದಿಟ್ಟುಕೊಂಡರಂತೆ. "ಬರದೇ ಎಲ್ಲಿಗೆ ಹೋಗ್ತೀರಿ ಸುಬ್ಬಕ್ಕ? ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಕೂತ್ಕೊಳ್ಳಿ, ಒಬ್ಬೊಬ್ಬರಿಗೇ ಫೋನ್ ಮಾಡೋಣ," ಎಂದರು. ಚೆನ್ನಾಗಿ ಉಜ್ಜಿದ್ದು, ಬಿಸಿಯೂ ತಾಗಿದ್ದು, ಅಪಾಯ ತೀರಾ ಕಡಿಮೆ ಎಂದೂ ಸಮಾಧಾನ ಹೇಳಿದರು. ಸುಬ್ಬಿಗೆ ಆ ಸಮಾಧಾನ ಹತ್ತಲಿಲ್ಲ.

ಫೋನು ಎತ್ತಿದವರಲ್ಲಿ ಕೆಲವರು ಹೆದರಿದರು, ಕೆಲವರು ಬಾಯಿಗೆ ಬಂದ ಹಾಗೆ ಬೈದರು. ಒಂದೇ ಸಲ ರಕ್ತ ಕೊಟ್ಟರೆ ಮುಗಿಯುವ ಮಾತೂ ಅಲ್ಲ. ಕಾಮಾಲೆಯಂಥ ರೋಗದ ಸೂಕ್ಷ್ಮಾಣು ಹೊಕ್ಕರೆ ಅದು ಬೆಳೆದು, ಮೈ ಅದರ ಗುರುತು ಹಿಡಿದು, ರಕ್ತದಲ್ಲಿ ಸುಳಿವು ಸಿಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಾಗಾಗಿ ತಕ್ಷಣ ಒಮ್ಮೆ, ಆರು ವಾರ ಕಳೆದು ಒಮ್ಮೆ, ಆರು ತಿಂಗಳು ಕಳೆದು ಮತ್ತೊಮ್ಮೆ. ಸುಬ್ಬಿಗೆ ಇದು ಪುಸ್ತಕದ ಮಾತಲ್ಲ. ಹಿಂದೆ ಅವರಿಗೇ ಕಾಮಾಲೆ ಲಸಿಕೆಯ ಮೂರು ಚುಚ್ಚುಮದ್ದು ಹಾಕಿಸಿದಾಗ ಮೈ ಓಗೊಡಲಿಲ್ಲ, ರಕ್ತದಲ್ಲಿ ರಕ್ಷಣೆಯೇ ಹುಟ್ಟಲಿಲ್ಲ. ಮತ್ತೆ ಮೂರು ಹಾಕಿಸಿದ ಮೇಲೆ ಹುಟ್ಟಿತು. "ಮೈ ಅದರ ಟೈಮು ಅದು ತಗಳ್ತದೆ. ನಾವು ಗಡಿಬಿಡಿ ಮಾಡಿದ್ರೆ ಕೇಳ್ತದಾ?"

ಗಡಿಬಿಡಿ ಎಂಬ ಶಬ್ದ ಬಂದಾಗ ಅವರ ದನಿ ಇಳಿಯುತ್ತದೆ.

ಮೂವತ್ತು ಜನರ ಕೊನೆಯ ವರದಿಗಳು ಒಂದೊಂದಾಗಿ ಬಂದವು. ಯಾರಿಗೂ ಏನೂ ಇಲ್ಲ. ಉಳಿದವರು ಮಂಚಿಕೇರಿ ಹತ್ತಿರದ ದುರ್ಗಜ್ಜಿ, ಅಂದು ದವಡೆ ಹಲ್ಲು ಕೀಳಿಸಿಕೊಂಡವರು. ಎರಡು ಸಲ ಕೈ ಚಾಚಿದ ಅಜ್ಜಿ ಮೂರನೇ ಸಲ ಬಿಲ್ಕುಲ್ ಆಗೂದಿಲ್ಲ ಎಂದುಬಿಟ್ಟರು. ಕಳೆದ ವಾರ ರಜೆಯ ದಿನ ಸುಬ್ಬಿ ಯಲ್ಲಾಪುರ ಬಸ್ಸು ಹತ್ತಿದರು. ರಕ್ತ ತೆಗೆಯುವ ಪ್ರಮೋದ ಬೈಕಿನಲ್ಲಿ ಹಿಂದೆಯೇ ಬಂದ.

"ಹಲ್ಲೂ ಹೋತು, ನೋವೂ ಹೋತು. ನಂಗೆ ಎಂತ ಆಗಿದೆ ಅಂತ ಮತ್ತೆ ರಕ್ತ?" ಅಜ್ಜಿ ಜಗಲಿಯಿಂದ ಏಳಲೇ ಇಲ್ಲ.

"ನಿಮಗೆ ಎಂತದೂ ಆಗ್ಲಿಲ್ಲ ಅಜ್ಜಿ. ಆಗಿದ್ದು ನಂಗೆ," ಎಂದರು ಸುಬ್ಬಿ. "ಆರು ತಿಂಗಳಾಯ್ತು, ಸಮಾ ನಿದ್ದೆ ಇಲ್ಲ. ಅವತ್ತು ಕುಕ್ಕರ್ ತುಂಬಿದವಳು ನಾನೇ."

ಅಜ್ಜಿ ಅವರನ್ನೇ ನೋಡಿದರು. ಬಾಯಲ್ಲಿದ್ದ ಕವಳ ಉಗಿದು ಬಂದು, ಸೆರಗು ಸರಿಸಿ, ತೋಳು ಚಾಚಿದರು. "ಮೊದ್ಲೇ ಹೇಳೂಕೆ ಏನಾಗಿತ್ತು? ತಗಾ."

ಇವತ್ತು ಹನ್ನೊಂದಕ್ಕೆ ಬರಬೇಕಾದ ವರದಿ ಹನ್ನೊಂದೂಮುಕ್ಕಾಲಿಗೆ ಬರುತ್ತದೆ. ಬಾಗಿಲಿಗೆ ಬಂದ ಡಾಕ್ಟರ್ ಪರಿಮಳಾ ಕಾಗದ ಎತ್ತಿ ಹಿಡಿದು, "ಏನೂ ಇಲ್ಲ, ಸುಬ್ಬಕ್ಕ," ಎನ್ನುತ್ತಾರೆ. ಸುಬ್ಬಿ ಕುಣಿಯುವುದಿಲ್ಲ, ಕೈ ಮುಗಿಯುವುದೂ ಇಲ್ಲ. ಕೈಗವಸು ಕಳಚಿ, ಸಾಬೂನು ಹಚ್ಚಿ ಕೈ ತೊಳೆದು, ಬೆಳಗಿನಿಂದ ಮೊದಲ ಬಾರಿಗೆ ಸ್ಟೂಲಿನ ಮೇಲೆ ಕೂರುತ್ತಾರೆ. ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಆಮೇಲೆ ಮಂಚಿಕೇರಿಗೆ ಫೋನು.

"ಅಜ್ಜಿ, ಎಂತದೂ ಇಲ್ಲ ಅಂತೆ."

"ನಂಗೆ ಗೊತ್ತಿತ್ತು," ಆ ಕಡೆಯಿಂದ ದೊಡ್ಡ ದನಿ ಕೇಳುತ್ತದೆ. "ಇನ್ನಾದ್ರೂ ಮಲಗು ತಂಗಿ."

ಮಧ್ಯಾಹ್ನದ ಬಸ್ಸಿಗೇ ಮನೆಗೆ ಹೋಗಿ ಎಂದು ಡಾಕ್ಟರ್ ಹೇಳುತ್ತಾರೆ. ಹೋಗಬೇಕೆಂಬ ಆಸೆ ಸುಬ್ಬಿಯ ಮುಖದ ಮೇಲೇ ಇದೆ. ಅಷ್ಟರಲ್ಲಿ ದೀಪ ಪಕ್ಕನೆ ಆರುತ್ತದೆ, ಕುಕ್ಕರಿನ ಸದ್ದು ನಿಲ್ಲುತ್ತದೆ. ಗಡಿಯಾರ ನೋಡಿದರೆ ಇಪ್ಪತ್ತಾರು ನಿಮಿಷ ಆಗಿದೆ, ಇನ್ನು ನಾಲ್ಕೇ ಉಳಿದಿತ್ತು. ಹತ್ತು ನಿಮಿಷಕ್ಕೆ ಕರೆಂಟ್ ಮರಳುತ್ತದೆ.

ಸುಬ್ಬಿ ಸೊಂಟಕ್ಕೆ ಕೈ ಕೊಟ್ಟು ಏಳುತ್ತಾರೆ. "ಬಸ್ಸು ಸಂಜೆಗೂ ಇದೆ ಡಾಕ್ಟ್ರಮ್ಮ," ಎಂದು ಗುಂಡಿ ಒತ್ತಿ, ಮತ್ತೆ ಒಂದರಿಂದ ಎಣಿಸಲು ನಿಲ್ಲುತ್ತಾರೆ.