ಕಿವಿಯ ಹತ್ತಿ

ಆಮದಾರ ಕಾಕಾನ ಎರಡೂ ಕಿವಿಯಲ್ಲಿ ಸದಾ ಹತ್ತಿ ತುರುಕಿರುತ್ತಿತ್ತು. ಕುರ್ಲಾದ ಬಟ್ಟೆ ಗಿರಣಿಯಲ್ಲಿ ನನ್ನ ಅಪ್ಪನ ಪಕ್ಕದ ಮಗ್ಗದಲ್ಲಿ ದುಡಿದ ಕಾಲದ ಅಭ್ಯಾಸ ಅದು. ಇಬ್ಬರೂ ವಿಜಾಪುರದ ಕಡೆಯವರು. ಮುಂದೆ ಶಾಸಕನಾಗಿ, ಇಲ್ಲಿಯವರ ಬಾಯಲ್ಲಿ ಆಮದಾರನಾಗಿ, ವಿಧಾನಸಭೆಗೆ ಹೋದರೂ ಹತ್ತಿ ಬಿಡಲಿಲ್ಲ. ಕೇಳಿದರೆ, "ಅಲ್ಲಿ ಮಗ್ಗಕ್ಕಿಂತ ಜಾಸ್ತಿ ಗದ್ದಲ ಐತಿ, ತಂಗಿ" ಎನ್ನುತ್ತಿದ್ದ. ಅದನ್ನೂ ಕೂಗಿಯೇ ಹೇಳುತ್ತಿದ್ದ. ಅವನು ಗುಟ್ಟು ಹೇಳಿದರೆ ನಾವಿದ್ದ ಚಾಳಿನ ಅರ್ಧ ಮನೆಗಳಿಗೆ ಕೇಳುತ್ತಿತ್ತು.

ಮುಷ್ಕರ ಮುರಿದುಬಿದ್ದು ಗಿರಣಿಗೆ ಬೀಗ ಬಿದ್ದಾಗ ಅಪ್ಪನಿಗೆ ಅವನು ಮಾತು ಕೊಟ್ಟ: ಗಿರಣಿ ತೆರೆಸುತ್ತೇನೆ, ಭೋಂಗಾ ಕೂಗಿದ ದಿನ ಇಬ್ಬರೂ ಕೂಡಿ ಹೋಗೋಣ. ಭೋಂಗಾ ಅಂದರೆ ಪಾಳಿಗೆ ಕರೆಯುವ ಗಿರಣಿಯ ಸೈರನ್. ಅಪ್ಪ ನಂಬಿದ. ಅಂಧೇರಿಯಲ್ಲಿ ವಾಚ್‌ಮನ್ ಕೆಲಸ ಬಂದರೂ ಒಲ್ಲೆನೆಂದ. ನಾನು ಹೊಲಿಗೆ ಹಾಕಿ ಮನೆ ನಡೆಸಿದೆ, ಒಳಗೊಳಗೇ ಉರಿಯುತ್ತ.

ಎರಡನೆಯ ಚುನಾವಣೆ ಬಂತು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ಪ್ರಚಾರದ ಲಾರಿಗೆ ಒಂದು ಹಳೆಯ ಭೋಂಗಾ ಕಟ್ಟಿದರು. ಗಿರಣಿ ಮಂದಿಯ ಮನಸ್ಸು ಕರಗುತ್ತದೆ ಎಂದಾಗ ಕಾಕಾನೂ ಹೂಂ ಅಂದ. ಬೆಳಿಗ್ಗೆ ಲಾರಿ ನಮ್ಮ ಗಲ್ಲಿಗೆ ತಿರುಗಿ ಭೋಂಗಾ ಕೂಗಿತು. ಚಾಳಿಗೆ ಚಾಳೇ ಇಳಿದು ಓಡಿತು. ಎಲ್ಲರಿಗಿಂತ ಮುಂದೆ ಅಪ್ಪ, ಗಿರಣಿಯ ಖಾಕಿ ಚಡ್ಡಿ ತೊಟ್ಟು, ಕೈಯಲ್ಲಿ ಊಟದ ಖಾಲಿ ಡಬ್ಬಿ ಹಿಡಿದು. ಲಾರಿಯ ಮೇಲೆ ಕಾಕಾ ಹಾರ ಹಾಕಿಕೊಂಡು ಕೈಮುಗಿದು ನಿಂತಿದ್ದ. ಅಪ್ಪ ಅವನನ್ನು ನೋಡಿದ, ತಿರುಗಿ ಮೆಟ್ಟಿಲು ಹತ್ತಿದ.

ಚುನಾವಣೆ ಕಾಕಾ ಗೆದ್ದ. ಗಿರಣಿ ತೆರೆಯಲಿಲ್ಲ. ಆದರೆ ಅವನು ದಿನಾ ಬೆಳಿಗ್ಗೆ ಪಾಳಿಯ ಹೊತ್ತಿಗೆ ಬಂದು ನಮ್ಮ ಹೊಸ್ತಿಲ ಹೊರಗೆ ಕೂರುತ್ತಿದ್ದ. ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದು, ಗಿರಣಿಯ ಚಿಮಣಿಯ ಕಡೆ ಮುಖ ಮಾಡಿ, "ಭೋಂಗಾ ಆತೇನೋ?" ಎಂದು ಅಪ್ಪನನ್ನು ಕೇಳುತ್ತಿದ್ದ. ಆ ಮಾತನ್ನು ಮಾತ್ರ ಮೆಲ್ಲಗೆ ಆಡುತ್ತಿದ್ದ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕಾಕಾ ಸ್ವಲ್ಪ ಹೊತ್ತು ಕಾದು, ಹತ್ತಿ ತುರುಕಿಕೊಂಡು ಎದ್ದು ಹೋಗುತ್ತಿದ್ದ. ಇವತ್ತಿಗೂ ಆ ಹೊತ್ತಿಗೆ ನನಗೆ ಎಚ್ಚರವಾಗುತ್ತದೆ.

ಕಾಕಾ ತೀರಿಕೊಂಡಾಗ ದೊಡ್ಡವರೆಲ್ಲ ಕಾರಿನಲ್ಲಿ ಬಂದರು. ಮೈ ತೊಳೆದು, ಪದ್ಧತಿಯಂತೆ ಮೂಗಿಗೂ ಕಿವಿಗೂ ಹತ್ತಿ ಇಟ್ಟಿದ್ದರು. ಅಷ್ಟು ವರ್ಷ ಮಾತುಬಿಟ್ಟಿದ್ದ ಅಪ್ಪ ಮಂದಿಯನ್ನು ಸರಿಸಿ ಹೋಗಿ, ಅವನ ಪಕ್ಕ ಕೂತು, ಎರಡೂ ಕಿವಿಯ ಹತ್ತಿ ತೆಗೆದ. ಯಾರೋ ತಡೆಯಲು ಬಂದರು.

"ಬಿಡ್ರಿ," ಅಂದ ಅಪ್ಪ. "ಭೋಂಗಾ ಆದರ ಅವಂಗ ಕೇಳಬೇಕು. ಕೂಡಿ ಹೋಗೂದೈತಿ."